ಮಗಳ ಬೋಟ್ ಸರ್ಟಿಫಿಕೇಟ್‌ಗಾಗಿ ಓಡಾಡಿದ ಹನ್ನೊಂದು ತಿಂಗಳು

ಕಳೆದ ವರ್ಷ ಡಿಸೆಂಬರ್‌ನ ಒಂದು ಭಾನುವಾರ. ಉಡುಪಿ ಜಿಲ್ಲೆಯ ನಮ್ಮ ಕೋಡಿ ಬೆಂಗ್ರೆಯ ಹೊಳೆಯಲ್ಲಿ ಭರತ ಏರುತ್ತಿತ್ತು. ನಾನು ದಡದ ಮೆಟ್ಟಿಲಲ್ಲಿ ಕೂತು ಮರುವಾಯಿ (ಚಿಪ್ಪುಮೀನು) ತೊಳೆಯುತ್ತಿದ್ದೆ. ಮಗಳು ದೊಡ್ಡಪ್ಪನ ಫೈಬರ್ ದೋಣಿಯ ಹಿಂಬದಿಯಲ್ಲಿ ಎಂಜಿನ್‌ನ ಹಿಡಿ ಹಿಡಿದು ಕೂತಿದ್ದಳು. ಭಾವನ ಹೋಂಸ್ಟೇಗೆ ಬಂದ ನಾಲ್ಕು ಜನರಿಗೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ತೋರಿಸಲು ಹೊರಟದ್ದು. ಭಾವ ಮುಂದೆ ಕೂತಿದ್ದರು. ನಮ್ಮ ಮನೆಯಲ್ಲಿ ಇದು ಹೊಸದೇನಲ್ಲ. ನನ್ನ ಮಾವ ಕಡವಿನಲ್ಲಿ ಗಳ ಊರಿ ಜನ ದಾಟಿಸಿದವರು. ಮಗಳು ಹತ್ತು ವರ್ಷಕ್ಕೇ ಹುಟ್ಟು ಹಾಕಲು ಕಲಿತಿದ್ದಳು, ಹದಿನೈದಕ್ಕೆ ಎಂಜಿನ್ ಹಿಡಿದಿದ್ದಳು.

ಅಷ್ಟರಲ್ಲಿ ಅಳಿವೆಯ ಕಡೆಯಿಂದ ಗಸ್ತಿನ ದೋಣಿ ಬಂತು. ಪಕ್ಕಕ್ಕೆ ನಿಲ್ಲಿಸಿ ಕೇಳಿದರು: "ಇವಳ ಪ್ರಾಯ ಎಷ್ಟು? ಲೈಸೆನ್ಸ್ ಉಂಟಾ?"

ಪ್ರಾಯ ಹದಿನೇಳು. ಲೈಸೆನ್ಸ್ ಇಲ್ಲ. ಅವರು ಬೈಯಲಿಲ್ಲ. "ಚಂದ ಓಡಿಸ್ತಾಳೆ ಹುಡುಗಿ. ಆದ್ರೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಈ ನಾಲ್ಕು ಜನರ ಮನೆಯವರಿಗೆ ನೀವು ಏನು ಹೇಳ್ತೀರಿ?" ಎಂದು ಭಾವನನ್ನು ಕೇಳಿ ಹೋದರು. ಆ ದಿನ ದೋಣಿ ಅಲ್ಲಿಂದಲೇ ವಾಪಸ್ ಬಂತು. ಮಗಳು ಮಧ್ಯಾಹ್ನ ಊಟ ಮಾಡಲಿಲ್ಲ. ನನಗೂ ಆ ಪ್ರಶ್ನೆ ರಾತ್ರಿಯಿಡೀ ಕಿವಿಯಲ್ಲಿತ್ತು. ಹೌದಲ್ವಾ, ಏನು ಹೇಳುತ್ತಿದ್ದೆವು?

ಅಲ್ಲಿಂದ ಶುರುವಾದ ಓಡಾಟ ಈ ನವೆಂಬರ್‌ಗೆ ಮುಗಿಯಿತು. ನಮ್ಮ ಕಡೆ, ಮಂಗಳೂರಿನ ಬೆಂಗ್ರೆಯಿಂದ ಹಿಡಿದು ಇತ್ತ ಹಂಗಾರಕಟ್ಟೆವರೆಗೂ, ಹೊಳೆ ಬದಿಯ ಎಷ್ಟೋ ಮನೆಗಳಲ್ಲಿ ಈಗ ಕಯಾಕ್, ಸಣ್ಣ ಬೋಟ್ ಬಂದಿವೆ. ಓಡಿಸುವವರು ಮನೆಯ ಮಕ್ಕಳೇ. ಅವರ ಅಪ್ಪ ಅಮ್ಮಂದಿರಿಗೆ ಈ ಅಲೆದಾಟ ಸ್ವಲ್ಪವಾದರೂ ಕಮ್ಮಿಯಾಗಲಿ ಎಂದು ಎಲ್ಲವನ್ನೂ ಬರೆಯುತ್ತಿದ್ದೇನೆ.

ಮೊದಲು ನಾವು ಹೋದದ್ದು ಆರ್‌ಟಿಒಗೆ. ಬೈಕಿಗೆ, ಕಾರಿಗೆ ಲೈಸೆನ್ಸ್ ಕೊಡುವವರು ಬೋಟಿಗೂ ಕೊಡಬಹುದು ಎಂದುಕೊಂಡಿದ್ದೆವು. ಕೌಂಟರಿನಲ್ಲಿದ್ದವರು "ನೀರಿನ ಮೇಲಿನದ್ದು ನಮಗೆ ಬರುವುದಿಲ್ಲಮ್ಮ, ಬಂದರು ಇಲಾಖೆಗೆ ಹೋಗಿ" ಎಂದರು. ಅರ್ಧ ದಿನ ಹೋಯಿತು, ಆದರೆ ದಾರಿ ಸಿಕ್ಕಿತು.

ಬಂದರು ಕಚೇರಿಗೆ ಹೋಗುವ ಮೊದಲೇ ಇನ್ನೊಬ್ಬರು ಸಿಕ್ಕಿದರು. ಪೇಟೆಯಲ್ಲಿ ಒಬ್ಬ ಏಜೆಂಟ್. "ಬೋಟ್ ಲೈಸೆನ್ಸ್ ನಾನು ಮಾಡಿಸಿಕೊಡ್ತೇನೆ, ಹುಡುಗಿ ಬರುವುದೂ ಬೇಡ, 12,000 ಆಗ್ತದೆ" ಎಂದ. ಮುಂಗಡ 3,000 ಕೊಟ್ಟೆವು. ವಾರದ ನಂತರ ಮಾದರಿ ಎಂದು ಒಂದು ಕಾಗದದ ಫೋಟೊ ಕಳಿಸಿದ. ಚಂದದ ಲಂಗರಿನ ಚಿತ್ರ, ಬಣ್ಣದ ಅಂಚು, ದೊಡ್ಡ ಮೊಹರು. ಕೊಡುವ ಇಲಾಖೆಯ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಮಗಳೇ ಅದನ್ನು ನೋಡಿ ಹೇಳಿದ್ದು: "ಅಮ್ಮ, ನಾನು ನೀರಿಗೇ ಇಳಿಯದೆ ನನಗೆ ಓಡಿಸಲು ಬರ್ತದೆ ಅಂತ ಇವರು ಹೇಗೆ ಬರೀತಾರೆ?" ಬೇಡ ಎಂದೆವು. ಮುಂಗಡ ವಾಪಸ್ ಬರಲಿಲ್ಲ. ದಯವಿಟ್ಟು ಯಾರೂ ಈ ದಾರಿಗೆ ಹೋಗಬೇಡಿ. ನೀರಿಗಿಳಿಸಿ ಪರೀಕ್ಷೆ ಮಾಡದೆ ಕೊಡುವ ಯಾವ ಕಾಗದವೂ ಹೊಳೆಯಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ಕಚೇರಿಯಲ್ಲಿ ಒಬ್ಬ ಹಿರಿಯರು ನಮ್ಮನ್ನು ಕೂರಿಸಿ ಕಾಲು ಗಂಟೆ ವಿವರಿಸಿದರು. ಅಷ್ಟು ದಿನ ನಮ್ಮ ತಲೆಯಲ್ಲಿ ಕಲಸಿಹೋಗಿದ್ದದ್ದು ಅಲ್ಲೇ ಬಿಡಿಸಿಕೊಂಡಿತು. ದೋಣಿಯ ಕಾಗದ ಬೇರೆ, ಓಡಿಸುವವರ ಕಾಗದ ಬೇರೆ. ಒಂದು ಇದ್ದರೆ ಇನ್ನೊಂದು ಇದ್ದ ಹಾಗೆ ಅಲ್ಲ.

ಭಾವನ ದೋಣಿಗೆ ನಂಬರ್ ಇತ್ತು. ಬದಿಯಲ್ಲಿ ಐಎನ್‌ಡಿ-ಕೆಎ ಎಂದು ಶುರುವಾಗುವ ನಂಬರ್ ದೊಡ್ಡದಾಗಿ ಬರೆದಿತ್ತು. ಅದೇ ಸಾಕು ಎಂದು ನಾವೆಲ್ಲ ನಂಬಿದ್ದೆವು. ಅದು ಮೀನುಗಾರಿಕಾ ದೋಣಿಯ ನೋಂದಣಿ. ಮೀನು ಹಿಡಿಯಲು ಮಾತ್ರ. ಜನರನ್ನು ಸುತ್ತಾಡಿಸುವ ಎಂಜಿನ್ ದೋಣಿ ಒಳನಾಡು ಜಲಸಾರಿಗೆಯ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ಒಳನಾಡು ಹಡಗುಗಳ ಕಾಯ್ದೆ, 2021 ಅನ್ವಯ. 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದದ್ದು ಅದು. ಅದರಲ್ಲಿ ಸರ್ವೆ, ಅಂದರೆ ದೋಣಿಯ ತಪಾಸಣೆ ಆಗಬೇಕು, ನೋಂದಣಿ ಆಗಬೇಕು, ವಿಮೆ ಬೇಕು. ಹಣ ಪಡೆದು ಪ್ರಯಾಣಿಕರನ್ನು ಕರೆದೊಯ್ಯುವ ದೊಡ್ಡ ಬೋಟಿಗಾದರೆ ಸ್ರಾಂಗ್, ಮಾಸ್ಟರ್ ಎಂದು ಬೇರೆಯೇ ಅರ್ಹತಾ ಪತ್ರಗಳಿವೆ. "ಹುಡುಗಿ ಮೊದಲು ಬೋಟ್ ಓಡಿಸುವ ತರಬೇತಿ ಪಡೆದು ಸರ್ಟಿಫಿಕೇಟ್ ತರಲಿ. ಅಷ್ಟರಲ್ಲಿ ನೀವು ದೋಣಿಯ ಕಾಗದ ಸರಿಮಾಡಿಕೊಳ್ಳಿ" ಎಂದರು.

ತರಬೇತಿ ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮಲ್ಪೆ ಬೀಚ್‌ನಲ್ಲಿ. ಅಲ್ಲಿ ಪ್ರವಾಸಿಗರ ಬೋಟ್ ಓಡಿಸುವ ಹುಡುಗನೊಬ್ಬ ತನ್ನ ಸರ್ಟಿಫಿಕೇಟ್ ತೋರಿಸಿದ. ನೀರು ತಾಗದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಅಂಗಿಯ ಒಳಗೆ ಇಟ್ಟುಕೊಂಡಿದ್ದ. "ಅಕ್ಕ, ಗೋವಾಕ್ಕೆ ಹೋಗಿ. ಅಲ್ಲಿ ಕಲಿಸಿದ್ದು ಮತ್ತೆ ಮರೆಯುವುದಿಲ್ಲ" ಎಂದ. ಅವನು ಹೇಳಿದ್ದು ಪಣಜಿ ಹತ್ತಿರದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯ ಬಗ್ಗೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಡಿಯಲ್ಲಿ ಬರುವ ಸಂಸ್ಥೆ. ಪವರ್‌ಬೋಟ್ ಓಡಿಸುವ ಕೋರ್ಸ್, ಜೀವರಕ್ಷಣೆಯ ಕೋರ್ಸ್ ಎರಡೂ ಅಲ್ಲಿವೆ. ಎರಡನ್ನೂ ಮಾಡಿಸುವುದು ಎಂದು ಅವತ್ತೇ ನಿರ್ಧಾರ ಮಾಡಿದೆವು.

ಆದರೆ ಮಗಳಿಗೆ ಹದಿನೆಂಟು ತುಂಬಲು ಇನ್ನೂ ಐದು ತಿಂಗಳಿತ್ತು. ಕೇಳಿದಲ್ಲೆಲ್ಲ ಒಂದೇ ಉತ್ತರ: ಹದಿನೆಂಟು ತುಂಬಲಿ. ಅವಳಿಗೆ ತುಂಬ ಬೇಜಾರಾಯಿತು. ದಡದಲ್ಲಿ ಕೂತು ದೊಡ್ಡಪ್ಪ ಓಡಿಸುವುದನ್ನು ನೋಡುತ್ತಿದ್ದಳು. ಆ ಐದು ತಿಂಗಳು ಸುಮ್ನೆ ಹೋಗುತ್ತದೆ ಎಂದು ನನಗೂ ಅನ್ನಿಸಿತ್ತು. ಈಗ ನೋಡಿದರೆ ಅಷ್ಟು ಸಮಯ ಬೇಕೇ ಬೇಕಿತ್ತು.

ಯಾಕೆಂದರೆ ಕಾಗದಪತ್ರ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಮಗಳ ಹೆಸರಿನ ಕೊನೆಗೆ ಇಂಗ್ಲಿಷಿನ ಒಂದು 'ಎ' ಇದೆ. ಆಧಾರ್‌ನಲ್ಲಿ ಎರಡು. ಚಿಕ್ಕವಳಿದ್ದಾಗ ಯಾವುದೋ ಶಿಬಿರದಲ್ಲಿ ಆಧಾರ್ ಮಾಡಿಸಿದ್ದು, ಆಗ ಯಾರೂ ನೋಡಿರಲಿಲ್ಲ. ಜೊತೆಗೆ ಹದಿನೈದು ವರ್ಷಕ್ಕೆ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕಿತ್ತು, ಅದನ್ನೂ ಮಾಡಿಸಿರಲಿಲ್ಲ. ಮೊದಲ ಸಲ ಹೋದಾಗ ಸರ್ವರ್ ಇಲ್ಲ. ಎರಡನೇ ಸಲ ಹೋದಾಗ ಟೋಕನ್ ಮುಗಿದಿತ್ತು. ಮೂರನೇ ಸಲ ಬೆಳಿಗ್ಗೆ ಏಳಕ್ಕೇ ಹೋಗಿ ಸಾಲಿನಲ್ಲಿ ನಿಂತೆವು. ತಿದ್ದುಪಡಿಯಾಗಿ ಬರುವಷ್ಟರಲ್ಲಿ ಏಪ್ರಿಲ್ ಮುಗಿದಿತ್ತು. ಆಧಾರ್‌ನಲ್ಲಿ ಹೆಸರನ್ನು ಜೀವನದಲ್ಲಿ ಎರಡೇ ಸಲ ಬದಲಿಸಬಹುದು. ಅದಕ್ಕೆ ಅಂಕಪಟ್ಟಿಯನ್ನು ಎದುರಿಗಿಟ್ಟುಕೊಂಡು ಒಂದೊಂದೇ ಅಕ್ಷರ ಹೋಲಿಸಿ, ಆಮೇಲೆ ಸಹಿ ಹಾಕಿ. ಮಕ್ಕಳಿಗೆ ಹದಿನಾರು ಆಗುತ್ತಿದ್ದಂತೆ ಈ ಕೆಲಸ ಮುಗಿಸಿಟ್ಟರೆ ಮುಂದೆ ಎಲ್ಲದಕ್ಕೂ ಒಳ್ಳೆಯದು. ನೋಟರಿ, ಜೆರಾಕ್ಸ್, ಫೋಟೊ, ಓಡಾಟದ ಬಸ್ಸು ಎಲ್ಲ ಸೇರಿ ಇದಕ್ಕೆ ಸುಮಾರು 900 ರೂಪಾಯಿ ಹೋಯಿತು.

ಮೇ ತಿಂಗಳಲ್ಲಿ ಈಜು. ಹೊಳೆ ಬದಿಯಲ್ಲಿ ಹುಟ್ಟಿದ ಹುಡುಗಿ, ಈಜು ಬರುವುದಿಲ್ಲವೇ? ಬರುತ್ತದೆ. ಆದರೆ ತಲೆ ಮೇಲೆತ್ತಿಕೊಂಡು ಈಜುವ ನಮ್ಮ ಹೊಳೆಯ ಈಜಿನಲ್ಲಿ ಬೇಗ ಸುಸ್ತಾಗುತ್ತದೆ. ಬಟ್ಟೆ ಹಾಕಿಕೊಂಡು ನೀರಿಗೆ ಬಿದ್ದರೆ ಹೇಗೆ, ಕೈಕಾಲು ಆಡಿಸದೆ ಬೆನ್ನ ಮೇಲೆ ಎಷ್ಟು ಹೊತ್ತು ತೇಲಬಹುದು, ಇನ್ನೊಬ್ಬರನ್ನು ಎಳೆದು ತರುವುದು ಹೇಗೆ, ಇದೆಲ್ಲ ಅವಳಿಗೆ ಗೊತ್ತಿರಲಿಲ್ಲ. ಉಡುಪಿ ಅಜ್ಜರಕಾಡಿನ ಈಜುಕೊಳಕ್ಕೆ ಎರಡು ತಿಂಗಳು ಸೇರಿಸಿದೆವು. ಮಂಗಳೂರಿನವರಾದರೆ ಲೇಡಿಹಿಲ್‌ನ ಮಂಗಳಾ ಈಜುಕೊಳ ಇದೆ. ಬಸ್ಸು, ಫೀಸು ಸೇರಿ 3,000 ಖರ್ಚು. ಮೊದಲ ವಾರ ಉಸಿರು ಕಟ್ಟಿ ಅತ್ತಳು. ಎರಡನೇ ತಿಂಗಳು ಮುಗಿಯುವಾಗ ನಿಲ್ಲದೆ ಆ ತುದಿಗೂ ಈ ತುದಿಗೂ ಹತ್ತು ಸಲ ಹೋಗಿ ಬರುತ್ತಿದ್ದಳು.

ನಿಮ್ಮ ಮಕ್ಕಳು ಇನ್ನೂ ಚಿಕ್ಕವರಾಗಿದ್ದರೆ, ಹದಿಮೂರು ಹದಿನಾಲ್ಕು ಆಗಿದ್ದರೆ, ಎನ್‌ಸಿಸಿಯ ನೌಕಾ ವಿಭಾಗ ಇರುವ ಶಾಲೆ ಕಾಲೇಜು ಯಾವುದೆಂದು ಕೇಳಿ ನೋಡಿ. ಮಂಗಳೂರಿನಲ್ಲೂ ಉಡುಪಿಯಲ್ಲೂ ನೌಕಾ ಘಟಕ ಇದೆ. ಹುಟ್ಟು ಹಾಕುವುದು, ಹಾಯಿ ಬಿಡುವುದು, ಹಗ್ಗದ ಗಂಟು, ಬಾವುಟದ ಸಂಕೇತ ಎಲ್ಲ ಕಲಿಸುತ್ತಾರೆ. ಮಗಳ ಗೆಳತಿ ಅದರಲ್ಲಿದ್ದಳು. ಗಂಟು ಹಾಕುವುದನ್ನು ಇವಳು ಅವಳಿಂದಲೇ ಕಲಿತದ್ದು. ನಮಗೆ ಮೊದಲೇ ಗೊತ್ತಿದ್ದರೆ ಹೈಸ್ಕೂಲಿನಲ್ಲೇ ಸೇರಿಸುತ್ತಿದ್ದೆ.

ಜೂನ್ 1 ಬಂತು. ಜುಲೈ 31ರವರೆಗೆ ಮೀನುಗಾರಿಕೆಗೆ ರಜೆ, 61 ದಿನ. ಮಲ್ಪೆಯಲ್ಲಿ ಬೋಟುಗಳೆಲ್ಲ ಒಂದಕ್ಕೊಂದು ಒತ್ತಿ ನಿಂತವು. ಮಳೆ ಹಿಡಿದು ಹೊಳೆ ಕೆಂಪಾಯಿತು. ನೀರಿಗಿಳಿಯುವ ಮಾತೇ ಇಲ್ಲ. ಆ ಎರಡು ತಿಂಗಳು ಮಗಳು ಚಾವಡಿಯಲ್ಲಿ ಕೂತು ಓದಿದಳು.

ಇಲ್ಲಿ ಒಂದು ಮುಖ್ಯ ವಿಷಯ. ಅವಳು ಯೂಟ್ಯೂಬ್ ನೋಡಿ ಕಲಿಯುತ್ತಿದ್ದಳು. ದೋಣಿಗೆ ದಾರಿ ತೋರಿಸಲು ನೀರಿನಲ್ಲಿ ತೇಲಿಬಿಟ್ಟ ಗುರುತಿಗೆ ಬೋಯೆ ಎನ್ನುತ್ತಾರೆ. ಬಂದರಿಗೆ ಒಳಬರುವಾಗ ಕೆಂಪು ಬೋಯೆ ಬಲಕ್ಕೆ ಇರಬೇಕು ಎಂದು ಬರೆದಿಟ್ಟುಕೊಂಡಿದ್ದಳು. ಮಲ್ಪೆಯಲ್ಲಿ ಮೀನುಗಾರಿಕಾ ಬೋಟ್ ನಡೆಸುವ ತಾಂಡೇಲರಾಗಿದ್ದ ನಮ್ಮ ನೆರೆಮನೆಯ ಅಜ್ಜ ಅದನ್ನು ಕೇಳಿ, "ಹಾಗೆ ಬಂದ್ರೆ ದೋಣಿ ಕಲ್ಲಿಗೆ ಹೋಗ್ತದೆ ಮಗಾ" ಎಂದರು. ಹುಡುಕಿ ನೋಡಿದರೆ ಅವಳು ನೋಡಿದ್ದು ಅಮೆರಿಕದ ವಿಡಿಯೊ. ಅಲ್ಲಿನ ಕ್ರಮ ಬೇರೆ, ನಮ್ಮದು ಅದರ ಉಲ್ಟಾ. ನಮ್ಮಲ್ಲಿ ಒಳಬರುವಾಗ ಕೆಂಪು ಎಡಕ್ಕೆ, ಹಸಿರು ಬಲಕ್ಕೆ. ಮಕ್ಕಳು ವಿಡಿಯೊ ನೋಡುತ್ತಿದ್ದರೆ ಯಾವ ದೇಶದ್ದು ಎಂದು ಮೊದಲು ನೋಡಲು ಹೇಳಿ. ಪರೀಕ್ಷೆಯಲ್ಲಿ ತಪ್ಪಾದರೆ ಅಂಕ ಹೋಗುತ್ತದೆ, ನೀರಿನಲ್ಲಿ ತಪ್ಪಾದರೆ ಜೀವ.

ದೋಣಿಯ ದೀಪಗಳನ್ನು ಕಲಿತ ರೀತಿ ನನಗೆ ಯಾವಾಗಲೂ ನೆನಪಿರುತ್ತದೆ. ಓಡುವ ಎಂಜಿನ್ ದೋಣಿಗೆ ಎಡಬದಿಯಲ್ಲಿ ಕೆಂಪು ದೀಪ, ಬಲಬದಿಯಲ್ಲಿ ಹಸಿರು. ಪುಸ್ತಕದಲ್ಲಿ ಓದಿದರೆ ತಲೆಗೆ ಹತ್ತುವುದಿಲ್ಲ. ಒಂದು ರಾತ್ರಿ ಕರೆಂಟ್ ಹೋಗಿತ್ತು. ಅವಳು ಎರಡು ಟಾರ್ಚ್‌ಗಳಿಗೆ ಗಾಳಿಪಟದ ಕೆಂಪು ಕಾಗದ, ಹಸಿರು ಕಾಗದ ಸುತ್ತಿ, ರಬ್ಬರ್ ಹಾಕಿ ತಮ್ಮನ ಎರಡು ಕೈಗೆ ಕೊಟ್ಟಳು. ಎಡಗೈಯಲ್ಲಿ ಕೆಂಪು, ಬಲಗೈಯಲ್ಲಿ ಹಸಿರು. ಅವನು ಕತ್ತಲಲ್ಲಿ ಅಂಗಳದಲ್ಲಿ ನಡೆದಾಡಬೇಕು. ಇವಳು ಚಾವಡಿಯ ಕಂಬಕ್ಕೆ ಒರಗಿ ಹೇಳಬೇಕು. ಎರಡೂ ದೀಪ ಒಟ್ಟಿಗೆ ಕಂಡರೆ ಆ ದೋಣಿ ನೇರ ನಮ್ಮ ಕಡೆಗೇ ಬರುತ್ತಿದೆ, ಇಬ್ಬರೂ ಬಲಕ್ಕೆ ತಿರುಗಬೇಕು. ನಮ್ಮ ಬಲಗಡೆ ಕೆಂಪು ಮಾತ್ರ ಕಂಡರೆ ಅದು ನಮ್ಮ ಎದುರಿನಿಂದ ಅಡ್ಡ ಹೋಗುತ್ತಿದೆ, ದಾರಿ ಬಿಡಬೇಕಾದವರು ನಾವು. ಎಡಗಡೆ ಹಸಿರು ಕಂಡರೆ ದಾರಿ ಬಿಡಬೇಕಾದವರು ಅವರು. ಆದರೂ ಕಣ್ಣಿಟ್ಟಿರಬೇಕು. ಅತ್ತೆ ಒಳಗಿನಿಂದ ಬಂದು, "ಹುಟ್ಟು ಹಾಕುವ ಸಣ್ಣ ದೋಣಿಗೆ ಯಾವ ದೀಪ?" ಎಂದು ಕೇಳಿದರು. ಅದಕ್ಕೆ ಒಂದು ಬಿಳಿ ಟಾರ್ಚ್ ಕೈಯಲ್ಲಿದ್ದರೂ ಸಾಕು, ಹತ್ತಿರ ಬರುವ ದೋಣಿಗೆ ಹೊತ್ತಿಗೆ ಸರಿಯಾಗಿ ತೋರಿಸಬೇಕು. "ನಿಮ್ಮ ಅಜ್ಜ ಲಾಟೀನು ಇಟ್ಟುಕೊಳ್ಳುತ್ತಿದ್ದರು" ಎಂದು ಅತ್ತೆ ಅಲ್ಲೇ ಕೂತರು. ಕರೆಂಟ್ ಬಂದ ಮೇಲೂ ದೀಪ ಹಾಕಲು ಯಾರೂ ಏಳಲಿಲ್ಲ.

ಇದೇ ಕಾರಣಕ್ಕೆ ವೈದ್ಯಕೀಯ ತಪಾಸಣೆಯಲ್ಲಿ ಬಣ್ಣದ ಪರೀಕ್ಷೆ ಮುಖ್ಯ. ಕೆಂಪು ಹಸಿರು ಗುರುತಿಸಲು ಆಗದಿದ್ದರೆ ರಾತ್ರಿ ಎದುರಿನ ದೋಣಿ ಎತ್ತ ಹೋಗುತ್ತಿದೆ ಎಂದೇ ತಿಳಿಯುವುದಿಲ್ಲ. ನಾವು ಮೊದಲು ಹೋದ ಆಸ್ಪತ್ರೆಯಲ್ಲಿ ಬರೀ ಎತ್ತರ, ತೂಕ, ಬಿಪಿ ನೋಡಿ ಫಿಟ್ ಎಂದು ಬರೆದುಕೊಟ್ಟರು. ಕಣ್ಣಿನ ಬಗ್ಗೆ ಒಂದು ಸಾಲೂ ಇಲ್ಲ. ಇನ್ನೊಂದು ಕಡೆ ಹೋಗಿ, ಬಣ್ಣದ ಚುಕ್ಕಿಗಳ ಒಳಗೆ ಅಂಕೆ ಓದುವ ಪರೀಕ್ಷೆ ಮಾಡಿಸಿ ಬರೆಸಿಕೊಂಡೆವು. ಎರಡು ಕಡೆ ಸೇರಿ 1,150 ರೂಪಾಯಿ. ಮಗಳಿಗೆ ಕನ್ನಡಕ ಇದೆ, ಅದಕ್ಕೆ ಭಯವಾಗಿತ್ತು. ಅದು ತೊಂದರೆಯಾಗಲಿಲ್ಲ. ಕನ್ನಡಕಕ್ಕೆ ಹಿಂದಿನಿಂದ ಕಟ್ಟುವ ದಾರ ಇರಲಿ, ಇನ್ನೊಂದು ಜೊತೆ ಕನ್ನಡಕವೂ ಚೀಲದಲ್ಲಿರಲಿ ಎಂದು ಡಾಕ್ಟರ್ ಹೇಳಿದರು. ಒಳ್ಳೆಯ ಮಾತು. ತರಬೇತಿಯ ಎರಡನೇ ದಿನವೇ ಅದರ ಉಪಯೋಗವಾಯಿತು.

ಜುಲೈಯಲ್ಲಿ ಹದಿನೆಂಟು ತುಂಬಿತು. ಅರ್ಜಿ ಹಾಕಿ ತಾರೀಕಿಗಾಗಿ ಕಾಯುವುದರಲ್ಲಿ ಮೂರು ತಿಂಗಳು ಕಳೆಯಿತು. ದಿನಕ್ಕೆರಡು ಸಲ ಫೋನ್ ತೆರೆದು ಮೇಲ್ ನೋಡುತ್ತಿದ್ದಳು. ಚೌತಿ ಬಂದು ಹೋಯಿತು, ನವರಾತ್ರಿ ಬಂದು ಹೋಯಿತು. ಕೊನೆಗೆ ನವೆಂಬರ್‌ನ ತಾರೀಕು ಸಿಕ್ಕಿತು.

ಉಡುಪಿಯ ಇಂದ್ರಾಳಿ ಸ್ಟೇಷನ್‌ನಿಂದ ರೈಲು ಹತ್ತಿ ಮಡಗಾಂವ್‌ನಲ್ಲಿ ಇಳಿದು, ಅಲ್ಲಿಂದ ಕದಂಬ ಬಸ್ಸಿನಲ್ಲಿ ಪಣಜಿ. ಅವಳೊಬ್ಬಳನ್ನೇ ಕಳಿಸಲು ಮನಸ್ಸು ಬಾರದೆ ನಾನೂ ಹೋದೆ. ಎರಡೂ ಕೋರ್ಸ್‌ಗೆ ಸೇರಿ ಹದಿಮೂರು ದಿನ ಉಳಿದೆವು. ನವೆಂಬರ್ ಗೋವಾದಲ್ಲಿ ಸೀಸನ್, ರೂಮಿಗೆ ಬಾಡಿಗೆ ಜಾಸ್ತಿ. ಸಮುದ್ರದಿಂದ ಸ್ವಲ್ಪ ಒಳಗೆ, ದಿನಕ್ಕೆ 1,000ಕ್ಕೆ ಒಂದು ರೂಮ್ ಸಿಕ್ಕಿತು. ಊಟ ತಿಂಡಿಗೆ ಇಬ್ಬರಿಗೆ ದಿನಕ್ಕೆ 500. ಕೋರ್ಸ್ ಫೀಸ್ ಬದಲಾಗುತ್ತಿರುತ್ತದೆ, ಅದನ್ನು ನೀವು ನೇರವಾಗಿ ಕೇಳಿಕೊಳ್ಳಿ. ಫೀಸ್ ಬಿಟ್ಟು, ಡಿಸೆಂಬರ್‌ನಿಂದ ಲೆಕ್ಕ ಹಾಕಿದರೆ ನಮಗೆ ಒಟ್ಟು 32,000 ರೂಪಾಯಿಯ ಹತ್ತಿರ ಖರ್ಚಾಗಿದೆ. ಏಜೆಂಟ್‌ಗೆ ಹೋದ 3,000ವೂ ಅದರಲ್ಲಿ ಸೇರಿದೆ.

ತೆಗೆದುಕೊಂಡು ಹೋಗಬೇಕಾದ್ದು: ಬೇಗ ಒಣಗುವ ಬಟ್ಟೆ ಮೂರು ಜೊತೆ, ಹಿಂದೆ ಪಟ್ಟಿ ಇರುವ ಚಪ್ಪಲಿ, ಉದ್ದ ತೋಳಿನ ಅಂಗಿ, ಟೋಪಿ, ಓಆರ್‌ಎಸ್ ಪ್ಯಾಕೆಟ್. ಜೀನ್ಸ್ ಬೇಡವೇ ಬೇಡ. ನೆನೆದರೆ ಭಾರವಾಗಿ ಕಾಲು ಎತ್ತಲು ಆಗುವುದಿಲ್ಲ. ಹುಡುಗಿಯರು ತಿಂಗಳ ದಿನದ ಲೆಕ್ಕವನ್ನೂ ನೋಡಿಕೊಂಡು ತಾರೀಕು ಕೇಳಿದರೆ ಒಳ್ಳೆಯದು. ಇದನ್ನು ಯಾರೂ ಹೇಳುವುದಿಲ್ಲ, ನಮಗೆ ಅದರಿಂದ ಒಂದು ದಿನ ತುಂಬ ಕಷ್ಟವಾಯಿತು.

ಮಗಳಿಗೆ ದೋಣಿ ಓಡಿಸುವುದು ಹೊಸತಲ್ಲ. ಹಿಡಿ ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ ಎಂಬುದು ಅವಳ ಕೈಗೇ ಗೊತ್ತು. ಕಲಿಯಲು ಕಷ್ಟವಾದದ್ದು ಬೇರೆ. ಹೊರಡುವ ಮೊದಲು ನೋಡಬೇಕಾದ್ದನ್ನೆಲ್ಲ ನೋಡುವುದು. ಪೆಟ್ರೋಲ್ ಎಷ್ಟಿದೆ, ತಳದ ಬಿರಡೆ ಹಾಕಿದೆಯಾ, ಎಷ್ಟು ಜನಕ್ಕೆ ಎಷ್ಟು ಲೈಫ್ ಜಾಕೆಟ್, ಎಂಜಿನ್ ಶುರುವಾದ ಮೇಲೆ ಪಕ್ಕದ ಸಣ್ಣ ತೂತಿನಿಂದ ನೀರು ಚಿಮ್ಮುತ್ತಿದೆಯಾ. ಆ ನೀರು ನಿಂತರೆ ಎಂಜಿನ್ ತಂಪಾಗುತ್ತಿಲ್ಲ ಎಂದು ಅರ್ಥ. ನಮ್ಮ ಹೊಳೆಯಲ್ಲಿ ಹೊಯ್ಗೆ, ಪ್ಲಾಸ್ಟಿಕ್ ಸಿಕ್ಕಿ ಹಾಗೆ ಎಷ್ಟೋ ಸಲ ಆಗಿದೆ, ನಾವು ಗಮನಿಸಿದ್ದೇ ಇಲ್ಲ.

ಮತ್ತೆ ಆ ಕೆಂಪು ಸುರುಳಿ ಹಗ್ಗ. ಕಿಲ್ ಕಾರ್ಡ್ ಎನ್ನುತ್ತಾರೆ. ಹಳೆಯ ಫೋನಿನ ವೈರಿನ ಹಾಗೆ ಸುತ್ತಿಕೊಂಡಿರುತ್ತದೆ. ಒಂದು ತುದಿಯ ಕ್ಲಿಪ್ ಎಂಜಿನ್‌ನ ಸ್ವಿಚ್ಚಿಗೆ, ಇನ್ನೊಂದು ತುದಿ ಓಡಿಸುವವರ ಕೈಗೆ ಅಥವಾ ಕಾಲಿಗೆ. ಓಡಿಸುವವರು ನೀರಿಗೆ ಬಿದ್ದರೆ ಕ್ಲಿಪ್ ಕಿತ್ತು ಬಂದು ಎಂಜಿನ್ ಅಲ್ಲೇ ನಿಲ್ಲುತ್ತದೆ. ಇಲ್ಲದಿದ್ದರೆ ಯಾರೂ ಹಿಡಿಯದ ದೋಣಿ ಗಿರಗಿರನೆ ಸುತ್ತುತ್ತ ಬಿದ್ದವರ ಮೇಲೇ ಬರುತ್ತದೆ, ಹಿಂದೆ ತಿರುಗುವ ಫ್ಯಾನ್ ಸಮೇತ. ಆ ದಿನ ರಾತ್ರಿ ರೂಮಿಗೆ ಬಂದ ಮಗಳು ಹಾಸಿಗೆಯ ಮೇಲೆ ಸುಮ್ಮನೆ ಕೂತಿದ್ದಳು. "ಅಮ್ಮ, ನಮ್ಮ ದೋಣಿಯಲ್ಲಿ ಆ ಕ್ಲಿಪ್ ಹೇಗಿದೆ ಗೊತ್ತಾ? ದೊಡ್ಡಪ್ಪ ಅದನ್ನು ಬಲೆಯ ನೀಲಿ ದಾರದಿಂದ ಸ್ವಿಚ್ಚಿಗೇ ಬಿಗಿದು ಕಟ್ಟಿದ್ದಾರೆ. ಕಿರಿಕಿರಿ ಅಂತ. ನಾನು ಎರಡು ವರ್ಷ ಹಾಗೇ ಓಡಿಸಿದ್ದೇನೆ." ನನ್ನ ಕೈಕಾಲು ತಣ್ಣಗಾಯಿತು. ತಮ್ಮನನ್ನೂ ಅದೇ ದೋಣಿಯಲ್ಲಿ ಎಷ್ಟು ಸಲ ಕೂರಿಸಿಕೊಂಡು ಹೋಗಿದ್ದಳು.

ಕೊನೆಗೆ ನೀರಿಗೆ ಬಿದ್ದವರನ್ನು ಎತ್ತುವ ಪರೀಕ್ಷೆ. ನಾನು ದಡದಲ್ಲಿ ನಿಂತಿದ್ದೆ. ಮನುಷ್ಯನ ಬದಲು ಒಂದು ತೇಲುವ ಗೊಂಬೆಯನ್ನು ಬಲಬದಿಯಿಂದ ನೀರಿಗೆ ಎಸೆದರು. ಬಿದ್ದ ಕೂಡಲೇ ಕೂಗಬೇಕು. ಒಬ್ಬರು ಕಣ್ಣು ತೆಗೆಯದೆ ಅದನ್ನೇ ಬೆರಳಿನಿಂದ ತೋರಿಸುತ್ತಿರಬೇಕು, ಅಲೆಗಳ ನಡುವೆ ಒಂದು ತಲೆ ಕಾಣೆಯಾಗಲು ಹೊತ್ತು ಬೇಡ. ಬಿದ್ದ ಬದಿಗೇ ದೋಣಿ ತಿರುಗಿಸಬೇಕು, ಆಗ ಹಿಂಬದಿಯ ಫ್ಯಾನ್ ಅವರಿಂದ ದೂರ ಸರಿಯುತ್ತದೆ. ಸುತ್ತು ಹಾಕಿ, ಗಾಳಿಗೆ ಮುಖ ಮಾಡಿ ನಿಧಾನ ಹತ್ತಿರ ಬಂದು, ಎಂಜಿನ್ ನ್ಯೂಟ್ರಲ್‌ಗೆ ಹಾಕಿ, ಕೈ ತಾಗುವಷ್ಟರಲ್ಲಿ ಬಂದ್ ಮಾಡಬೇಕು. ಮೊದಲ ಸಲ ಅವಳು ಜೋರಾಗಿ ಬಂದು ಗೊಂಬೆಯನ್ನು ದಾಟಿ ಹೋದಳು. ಎರಡನೇ ಸಲ ಗಾಳಿಗೆ ದೋಣಿ ಆಚೆ ಸರಿಯಿತು. ಮೂರನೇ ಸಲ ಬದಿಗೆ ಬಂದು ನಿಲ್ಲಿಸಿ, ಬಗ್ಗಿ, ಎರಡೂ ಕೈಯಲ್ಲಿ ಎಳೆದುಕೊಂಡಳು. ನೀರು ತುಂಬಿದ ಗೊಂಬೆಯ ಭಾರಕ್ಕೆ ಅವಳೇ ಬೀಳುವ ಹಾಗಿತ್ತು. ಎಳೆದು ಹಾಕಿದ ಮೇಲೆ ಅಲ್ಲೇ ಕೂತು, ಕನ್ನಡಕ ಒರೆಸಿಕೊಂಡು ದಡದ ಕಡೆ ನೋಡಿದಳು. ನಾನು ಎರಡೂ ಕೈ ಎತ್ತಿದೆ. ಕಣ್ಣಲ್ಲಿ ನೀರು ಬಂದಿತ್ತು.

ಲಿಖಿತ ಪರೀಕ್ಷೆಯಲ್ಲಿ ಬೋಯೆಯ ಪ್ರಶ್ನೆ ಬಂತು. ಕೆಂಪು ಎಡಕ್ಕೆ ಎಂದೇ ಬರೆದಳು.

ಸರ್ಟಿಫಿಕೇಟ್ ಕೈಗೆ ಬಂದಾಗ ಮೊದಲು ನಾನು ನೋಡಿದ್ದು ಹೆಸರಿನ ಕೊನೆಯ ಅಕ್ಷರ. ಒಂದೇ 'ಎ'. ಸರಿಯಾಗಿತ್ತು. ಅಲ್ಲೇ ಜೆರಾಕ್ಸ್ ಮಾಡಿಸಿ, ಫೋಟೊ ತೆಗೆದು ಭಾವನಿಗೆ ಕಳಿಸಿದೆವು.

ಭಾವನ ದೋಣಿಯ ಕಾಗದ ಇನ್ನೂ ಪೂರ್ತಿ ಆಗಿಲ್ಲ. ಸರ್ವೆಗೆ ಬಂದವರು ಲೈಫ್ ಜಾಕೆಟ್ ಹಳತಾಗಿದೆ, ತೇಲುವ ರಿಂಗ್ ಬೇಕು, ಬೆಂಕಿ ಆರಿಸುವ ಸಿಲಿಂಡರ್ ಬೇಕು ಎಂದು ಪಟ್ಟಿ ಕೊಟ್ಟಿದ್ದಾರೆ. ಅದು ಮುಗಿಯುವವರೆಗೆ ಅತಿಥಿಗಳನ್ನು ದೋಣಿಗೆ ಹತ್ತಿಸುವುದಿಲ್ಲ ಎಂದು ಭಾವ ಹೇಳಿದ್ದಾರೆ. ಬುಕಿಂಗ್ ಮಾಡುವವರಿಗೂ ಮೊದಲೇ ತಿಳಿಸುತ್ತಿದ್ದಾರೆ. ದೋಣಿಯ ಒಳಬದಿಯಲ್ಲಿ ಮಗಳು ಬಿಳಿ ಪೇಂಟಿನಲ್ಲಿ ಎರಡು ನಂಬರ್ ಬರೆದಿಟ್ಟಿದ್ದಾಳೆ. ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ನೀವೂ ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ.

ಗೋವಾದಿಂದ ಬಂದ ಮರುದಿನ ಬೆಳಿಗ್ಗೆ ಅವಳು ದೊಡ್ಡಪ್ಪನನ್ನು ದೋಣಿಯ ಹತ್ತಿರ ಕರೆದಳು. ನೀಲಿ ದಾರ ತೋರಿಸಿದಳು. ಯಾಕೆ ಎಂದು ನಿಧಾನವಾಗಿ ವಿವರಿಸಿದಳು. ಭಾವ ತುಂಬ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಸೊಂಟದ ಚೂರಿ ತೆಗೆದು ದಾರ ಕೊಯ್ದರು. ಉಪ್ಪುನೀರಿಗೆ ಗಟ್ಟಿಯಾಗಿದ್ದ ಗಂಟು, ಎರಡು ಸಲ ಎಳೆಯಬೇಕಾಯಿತು. ಕೆಂಪು ಸುರುಳಿಯನ್ನು ಬಿಡಿಸಿ, ಬಟ್ಟೆಯಲ್ಲಿ ಒರೆಸಿ, ಅವಳ ಕೈಗೆ ತಾವೇ ಹಾಕಿದರು. "ಈಗ ಎಂಜಿನ್ ಶುರು ಮಾಡು ಮಗಾ" ಎಂದರು.